ಪ್ರಮೀಳಾ ಹೆಣೆದ ಹದಿನಾಲ್ಕು ರಟ್ಟುಗಳು

ರಾಮಲಿಂಗಯ್ಯನವರ ಮಗ ಉಮಾಶಂಕರ್ ಗೋರಂಟ್ಲದಲ್ಲಿ ದಾರಿ ತಪ್ಪಿಸಿಕೊಂಡನೆಂಬ ಮಾತು ಮೂರು ವಾರಗಳಿಂದ ನಮ್ಮ ಹಿಂದೂಪುರದಲ್ಲಿ ಹರಿದಾಡುತ್ತಿದೆ. ಇದು ಶುದ್ಧ ಸುಳ್ಳು. ಸಂಬಂಧಪಟ್ಟವರೆಲ್ಲರನ್ನೂ ಖುದ್ದಾಗಿ ವಿಚಾರಿಸಿದ ಮೇಲೆಯೇ ಇದನ್ನು ಬರೆಯುತ್ತಿದ್ದೇನೆ.

ಪ್ರಮೀಳಾ ನೇಕಾರರ ಮನೆಯ ಹೆಣ್ಣುಮಗಳು, ವಯಸ್ಸು ನಲವತ್ತೊಂದು. ಹದಿನೆಂಟು ವರ್ಷ ಸೀರೆ ನೇಯ್ದವರು, ಈಗ ಆರು ವರ್ಷಗಳಿಂದ ಆಟಿಸಂ ಇರುವ ಯುವಕ ಯುವತಿಯರಿಗೆ ಅಡುಗೆ ಮಾಡುವುದು, ಬಟ್ಟೆ ಒಗೆಯುವುದು, ಬಸ್ ಹತ್ತುವುದು ಮುಂತಾದ ನಿತ್ಯದ ಕೆಲಸಗಳನ್ನು ಕಲಿಸುತ್ತಾರೆ. ಮಗ್ಗದ ಮೇಲೆ ಕೂರಿಸುವ ಜಕಾರ್ಡ್ ಯಂತ್ರದಲ್ಲಿ ತೂತು ಕೊರೆದ ರಟ್ಟುಗಳು ಒಂದರ ಹಿಂದೊಂದು ಉರುಳಿ ಸೀರೆಯ ಅಂಚಿನಲ್ಲಿ ಹೂವು ಮೂಡಿಸುತ್ತವೆ. ಅದೇ ರೀತಿ ಇವರು ಪ್ರತಿ ಕೆಲಸವನ್ನೂ ಹೆಜ್ಜೆಗಳಾಗಿ ಒಡೆದು, ಹೆಜ್ಜೆಗೊಂದು ರಟ್ಟು ಬರೆದು, ದಾರದಿಂದ ಹೆಣೆದು ಕೊಡುತ್ತಾರೆ. ಈ ಉಪಾಯ ಹೇಗೆ ಹೊಳೆಯಿತೆಂದು ಕೇಳಿದೆ. "ನಂಗೆ ಬೇರೆ ಏನ್ ಬತ್ತದೆ ಸಾರ್?" ಎಂದರು.

ಅವರ ಬಳಿ ಕಲಿಯುವ ಇಪ್ಪತ್ತನಾಲ್ಕರ ಉಮಾಶಂಕರ್ ಗೋರಂಟ್ಲದಲ್ಲಿರುವ ಅಕ್ಕ ಹರಿತಾಳ ಮನೆಗೆ ಒಬ್ಬನೇ ಹೋಗಬೇಕೆಂದು ವರ್ಷದಿಂದ ಹಟ ಹಿಡಿದಿದ್ದ. ತಂದೆ ಒಂದೇ ಒಂದು ಅವಕಾಶ ಕೊಟ್ಟರು. ಪ್ರಮೀಳಾ ಹದಿನಾಲ್ಕು ರಟ್ಟು ಹೆಣೆದರು. ಚಪ್ಪಲಿ ಮೆಟ್ಟು; ಬಸ್ ನಿಲ್ದಾಣಕ್ಕೆ ನಡೆ; ಗೋರಂಟ್ಲ ಬಸ್ ಹತ್ತು; ಹೀಗೆ ಸಾಗಿ, ಕೊನೆಯದು, ಅಕ್ಕನಿಗೆ ಚೀಲ ಕೊಡು.

ಹನ್ನೊಂದು ಹತ್ತಕ್ಕೆ ಚೀಲ ಕೊಟ್ಟ. ಹರಿತಾ ಒಳಗಿಂದ ನೀರು ತರುವಷ್ಟರಲ್ಲಿ ಅವನಿಲ್ಲ. ಅರ್ಧ ಗಂಟೆ ಹುಡುಕಿದ ಮೇಲೆ ಗೋರಂಟ್ಲದ ಬಸ್ ನಿಲ್ದಾಣದಲ್ಲಿಯೇ ಸಿಕ್ಕ. ಸುತ್ತಲಿನವರು ನಗುತ್ತಿದ್ದರು. "ಗೋರಂಟ್ಲದಾಗೇ ನಿಂತ್ಕೊಂಡು ಗೋರಂಟ್ಲ ಬಸ್ ಯಾವಾಗ ಬತ್ತದೆ ಅಂತಾನೆ ಕಣ್ಲಾ!"

ಸಂಜೆ ರಾಮಲಿಂಗಯ್ಯನವರು ಮಗನೊಂದಿಗೆ ಪ್ರಮೀಳಾರ ಮನೆಗೆ ಬಂದರು. "ಸಾಕಮ್ಮ. ಇನ್ನ ಇವನ್ನ ಹೊಸ್ಲು ದಾಟ್ಸಲ್ಲ," ಎಂದು ರಟ್ಟುಗಳನ್ನು ಕೆಳಗಿಡಹೋದವರು ತಡೆದು ನೋಡಿದರು. ನಲವತ್ತು ವರ್ಷ ಮಗ್ಗದಲ್ಲಿ ಕುಳಿತವರು ಅವರು.

"ಏಮಮ್ಮಾ, ಕಡೇದನ್ನ ಮೊದಲ್ನೇದಕ್ಕೆ ಹೆಣೆದ್ಬುಟ್ಟಿದ್ದೀಯಾ?"

ಮಗ್ಗದಲ್ಲಿ ಹಾಗೆಯೇ ಹೆಣೆಯಬೇಕು; ಇಲ್ಲವಾದರೆ ಹೂವು ಮರುಕಳಿಸದು. ಪ್ರಮೀಳಾ ತಲೆಗೆ ಕೈ ಹಚ್ಚಿದರು. "ಅಯ್ಯೋ, ಕೈ ರೂಢಿ ಕಣಣ್ಣ!"

"ಅಂದ್ರೆ ಚೀಲ ಕೊಟ್ಮೇಲೆ ತಿರ್ಗಾ ಚಪ್ಪಲಿ ಮೆಟ್ಟು ಅಂತ ನೀನೇ ಹೇಳಿದ್ದೀಯ."

"ಹೇಳವ್ರೆ," ಎಂದ ಉಮಾಶಂಕರ್. "ಗೋರಂಟ್ಲ ಬಸ್ಸೇ ಬರ್ಲಿಲ್ಲ."

ರಾಮಲಿಂಗಯ್ಯನವರಿಗೆ ನಗು ತಡೆಯಲಾಗಲಿಲ್ಲ. ತಾವೇ ಗಂಟು ಬಿಚ್ಚಿದರು. "ಹದಿನೈದ್ನೇದು ಒಂದು ಬರಿಯಮ್ಮ. ಕುಂತ್ಕೊ ಅಂತ."

"ಎಷ್ಟೊತ್ತು?" ಎಂದ ಮಗ.

"ನಿಮ್ ಭಾವ ಬರೋಗಂಟ ಕಣಪ್ಪ."

ಮುಂದಿನ ಭಾನುವಾರ ಅವನೊಬ್ಬನೇ ಹೋದ, ಕುಳಿತ. ಭಾವ ಇನ್ನೂ ಬಂದಿರಲಿಲ್ಲ; ಊಟಕ್ಕೆ ಕೈ ತೊಳೆದು ಬಾ ಎಂದು ಅಕ್ಕ ಎಷ್ಟು ಕರೆದರೂ ಏಳಲಿಲ್ಲವಂತೆ. ಕೊನೆಗೆ ತಟ್ಟೆ, ಚೊಂಬು ಎರಡನ್ನೂ ಅವಳೇ ಅವನಿದ್ದಲ್ಲಿಗೆ ತಂದಳು.