ಊಟ ಆತೇನ್ರಿ?

ಸೊಸೆಗೆ ಇಂಗ್ಲಿಷ್ ಕಲಿಸಿದವಳು ನಾನೇ. ಐರ್ಲೆಂಡಿನ ಆಸ್ಪತ್ರೆಯೊಂದರಲ್ಲಿ ಅವಳು ನರ್ಸ್ ಆಗಿ ಸೇರಬೇಕಾದರೆ ಇಂಗ್ಲಿಷ್ ಪರೀಕ್ಷೆ ಪಾಸಾಗಬೇಕಿತ್ತು. ಪಾಸಾದರೆ ಮಗ, ಮೊಮ್ಮಗಳು ಅವಳ ಜೊತೆ ಹೊರಡುವುದು. ವೀಸಾದಲ್ಲಿ ನನಗೆ ಜಾಗವಿರಲಿಲ್ಲವಾಗಿ ನಾನು ಗಂಗಾವತಿಯ ತಂಗಿಯ ಮನೆಗೆ. ಎಲ್ಲರೂ ಕೂತು ಚಹಾ ಕುಡಿಯುತ್ತ, ವೆರಿ ಸೆನ್ಸಿಬಲ್ ಆಗಿ ಮಾಡಿಕೊಂಡ ತೀರ್ಮಾನ ಅದು.

ನಾನು ಬಳ್ಳಾರಿಯ ಕಾನ್ವೆಂಟ್ ಹಾಸ್ಟೆಲಿನಲ್ಲಿ ಬೆಳೆದವಳು. ಸಿಸ್ಟರ್‌ಗಳು ನಮ್ಮ ನಾಲಿಗೆ ತಿದ್ದಿದ ಹಾಗೆಯೇ ಕೊಪ್ಪಳದ ನಮ್ಮ ಬಾಡಿಗೆ ಮನೆಯಲ್ಲಿ ನಾನೂ ಒಂದು ರೂಲ್ ಮಾಡಿದೆ. ಸಂಜೆ ದೀಪ ಹಚ್ಚುವವರೆಗೆ ಓನ್ಲಿ ಇಂಗ್ಲಿಷ್. ಬಾಯಿ ತಪ್ಪಿ ಕನ್ನಡ ಬಂದರೆ ಹಿತ್ತಾಳೆ ತಂಬಿಗೆಯೊಳಗೆ ಒಂದು ಹುಣಸೆ ಬೀಜ ಹಾಕಬೇಕು.

ಸೊಸೆ ಬೇವೂರಿನ ಒಕ್ಕಲುತನದ ಮನೆಯವಳು. ಮದುವೆಯಾಗಿ ಬಂದಾಗಿನಿಂದ, ಡ್ಯೂಟಿ ಮುಗಿಸಿ ಬಂದರೆ ಚಪ್ಪಲಿ ಬಿಡುವ ಮೊದಲೇ ಬಾಗಿಲಲ್ಲಿ ನಿಂತು "ಅತ್ತೀ, ಊಟ ಆತೇನ್ರಿ?" ಎಂದು ಕೂಗುತ್ತಿದ್ದಳು. ಆಗಿರಲಿ ಬಿಡಲಿ, ಮಾತು ಅಲ್ಲಿಂದ ಶುರು. ವಾರ್ಡಿನ ಕಥೆ, ಬಸ್ಸಿನ ಜಗಳ, ತವರಿನ ಎಮ್ಮೆ ಈದದ್ದು.

ರೂಲ್ ಬಂದ ಮೊದಲ ದಿನ ಬಾಗಿಲಲ್ಲಿ ನಿಂತು ಒಂದೊಂದೇ ಶಬ್ದ ಜೋಡಿಸಿದಳು. "ಅತ್ತೀ, ಮೀಲ್ ಬಿಕೇಮ್?"

ಮಗ ನಕ್ಕೂ ನಕ್ಕೂ ಗೋಡೆಗೆ ಒರಗಿದ. "ಏನಾತ ಮೀಲು? ತಹಸೀಲ್ದಾರ ಆತೇನು?"

"ನೀವ್ ಸುಮ್ನಿರ್ರಿ. ನಿಮ್ಮ ಟಿಕೆಟ್ ನನ್ನ ಬಾಯಾಗ ಐತಿ," ಎಂದಳು ಸೊಸೆ. ಇಬ್ಬರೂ ಒಂದೊಂದು ಬೀಜ ಹಾಕಿದರು.

ನಾನು ಮಾತ್ರ ನಗಲಿಲ್ಲ. "ಅಲ್ಲಿ ಎದುರಿಗೆ ಸಿಕ್ಕವರಿಗೆ ಊಟದ ಸುದ್ದಿ ಕೇಳೂದಿಲ್ಲವ್ವಾ. ಹೌ ಆರ್ ಯೂ ಅನಬೇಕು. ಅವರು ಫೈನ್ ಅಂತಾರ. ಮುಗೀತು," ಎಂದೆ. ನನ್ನದೂ ಒಂದು ಬೀಜ ಬಿತ್ತು.

ನಿಜಕ್ಕೂ ಮುಗಿಯಿತು. ಮರುದಿನದಿಂದ "ಹೌ ಆರ್ ಯೂ, ಅತ್ತಿ?" "ಫೈನ್, ಥ್ಯಾಂಕ್ ಯೂ." ಅದರ ಮುಂದೆ ಇಬ್ಬರಿಗೂ ಏನೂ ತೋಚುತ್ತಿರಲಿಲ್ಲ. ಎಮ್ಮೆಯ ಕಥೆಗೆ ಅವಳ ಇಂಗ್ಲಿಷ್ ಸಾಲದು. ದೀಪ ಹಚ್ಚಿದ ಮೇಲಾದರೂ ಮಾತಾಡಿಯಾಳು ಅಂದರೆ ಪುಸ್ತಕ ಹಿಡಿದು ಕೂರುತ್ತಿದ್ದಳು. ತಂಬಿಗೆಯಲ್ಲಿ ಬೀಜ ಬೀಳುವ ಸದ್ದು ನಿಂತಿತು. ಮಗ ಅದನ್ನು ಪ್ರೋಗ್ರೆಸ್ ಎಂದ.

ಮೊದಲ ಸಲಕ್ಕೇ ಪಾಸಾದಳು. ಓಣಿಗೆಲ್ಲ ಪೇಡೆ ಹಂಚಿದೆ, ರೂಲ್ ತೆಗೆದೆ. ಆದರೆ ರೂಢಿ ಹೋಗಲಿಲ್ಲ. ಮಂಚ ಹೋಯಿತು, ಫ್ರಿಜ್ ಹೋಯಿತು. ಬರಿದಾದ ಪಡಸಾಲೆಯಲ್ಲಿ ಆ "ಹೌ ಆರ್ ಯೂ" ಇನ್ನೂ ದೊಡ್ಡದಾಗಿ ಕೇಳತೊಡಗಿತು. ಅವರ ಸೂಟ್‌ಕೇಸುಗಳು ಒಂದು ಗೋಡೆಗೆ, ನನ್ನದೊಂದು ಇನ್ನೊಂದು ಗೋಡೆಗೆ. ಅವಳು ಹೋಗುವ ಮೊದಲು ಆ ಹಳೆಯ ಪ್ರಶ್ನೆಯನ್ನು ಒಮ್ಮೆ ಕೇಳಲಿ ಎಂದು ನನಗೆ ಆಸೆ. ಕೇಳು ಎಂದು ಬಾಯಿಬಿಟ್ಟು ಹೇಳುವುದು ಹೇಗೆ? ನಾನೇ ತಿದ್ದಿದ್ದಲ್ಲವೇ.

ಹೊರಡುವ ದಿನ ಬೆಳಿಗ್ಗೆ ಮೂವರೂ ಹುಲಿಗಿಯ ಗುಡಿಗೆ ಹೋಗಿ ಅಮ್ಮನಿಗೆ ಕೈಮುಗಿದು ಬಂದರು. ಅಷ್ಟರಲ್ಲಿ ಪಕ್ಕದ ಮನೆಯವರು ಕೊಟ್ಟ ಅನ್ನ ಸಾರು ಉಂಡು ನಾನು ನೆಲದ ಮೇಲೆ ಕೂತಿದ್ದೆ. ಹೈದರಾಬಾದಿಗೆ ಹೋಗುವ ಕಾರು ಬಾಗಿಲಿಗೆ ಬಂದಿತ್ತು.

"ಹೌ ಆರ್ ಯೂ, ಅತ್ತಿ?"

"ನಂದಿನ್ನೂ ಊಟ ಆಗಿಲ್ಲವ್ವಾ," ಎಂದೆ. ಸಿಸ್ಟರ್‌ಗಳು ಕೇಳಿದ್ದರೆ ಮೊಣಕಾಲೂರಿಸುತ್ತಿದ್ದರು.

"ಅಯ್ಯ ಶಿವನ! ಹೊತ್ತೆಷ್ಟಾತು ನೋಡ್ರಿ! ಹೇಳಬಾರ್ದೇನ್ರಿ?" ಬ್ಯಾಗು ಅಲ್ಲೇ ಬಿತ್ತು. ದಾರಿಗೆಂದು ತವರಿನಿಂದ ಬಂದಿದ್ದ ಬುತ್ತಿ ಬಿಚ್ಚಿ, ಸಜ್ಜೆ ರೊಟ್ಟಿ ಮುರಿದು, ಶೇಂಗಾ ಚಟ್ನಿಗೆ ಎಣ್ಣೆ ಹಾಕಿ ನನ್ನ ಮುಂದೆ ಇಟ್ಟಳು. ಎದುರಿಗೇ ಕೂತಳು. ಹುಲಿಗಿಯ ಗದ್ದಲ, ತೆಂಗಿನಕಾಯಿಯವಳ ಜೊತೆ ಜಗಳ, ಮಗಳು ಹೊಳೆಗೆ ಬಿಟ್ಟ ಚಪ್ಪಲಿ, ಒಂದರ ಹಿಂದೆ ಒಂದು ಬಂದವು. ನಡುವೆ ಒಮ್ಮೆಲೇ ನಿಂತು ನನ್ನ ಮುಖ ನೋಡಿದಳು.

"ಅಲ್ರೀ ಅತ್ತಿ, ಅಲ್ಲಿ ಗಂಗಾವತ್ಯಾಗ ಹಿಂಗ ಹಸಕೊಂಡು ಕೂತ್ರ ಯಾರ್ ಕೇಳ್ತಾರ್ರಿ ನಿಮ್ಮನ್ನ?"

ಹೊರಗೆ ಕಾರು ಹಾರ್ನ್ ಹೊಡೆಯಿತು. ಹೊಟ್ಟೆಯಲ್ಲಿ ಜಾಗವಿರಲಿಲ್ಲ.

"ಇನ್ನೊಂದ್ ರೊಟ್ಟಿ ಹಾಕು," ಎಂದೆ.