ಮೈಕು ಆಫ್ ಮಾಡಿಕೊಂಡು ಆಡಿದ ಆಟ

ಲಕ್ಷ್ಮೀಪುರಂನ ಒಂದು ರಕ್ತಪರೀಕ್ಷೆಯ ಲ್ಯಾಬಿನಲ್ಲಿ ನನಗೆ ಕೆಲಸ. ಬೆಳಿಗ್ಗೆ ಆರಕ್ಕೆ ಹೋದರೆ ಮಧ್ಯಾಹ್ನ ಎರಡಕ್ಕೆ ಮುಗಿಯುತ್ತದೆ. ಖಾಲಿ ಹೊಟ್ಟೆಯಲ್ಲಿ ಬಂದು ಸಿಡಿಮಿಡಿಗುಟ್ಟುವವರ ತೋಳಿಗೆ ಸೂಜಿ ಚುಚ್ಚಿ, ಬೋಗಾದಿಯ ಬಾಡಿಗೆ ಮನೆ ಸೇರುವಷ್ಟರಲ್ಲಿ ಮನುಷ್ಯರ ದನಿಯೇ ಸಾಕಾಗಿರುತ್ತಿತ್ತು. ಊಟ ಮಾಡಿ, ಪಕ್ಕದ ಸೈಟಿನಲ್ಲಿ ಟೈಲ್ಸ್ ಕೊಯ್ಯುವ ಸದ್ದು ಬಾರದಂತೆ ಕಿಟಕಿ ಮುಚ್ಚಿ, ಕಂಪ್ಯೂಟರಿನಲ್ಲಿ ಗುಂಡು ಹಾರಿಸುವ ಆಟ ಆಡುತ್ತಿದ್ದೆ. ಮೂವತ್ತೆಂಟು ವರ್ಷದ ಹೆಂಗಸು ಇಂಥದ್ದನ್ನು ಆಡುತ್ತಾಳೆಂದು ಲ್ಯಾಬಿನಲ್ಲಿ ಯಾರಿಗೂ ಹೇಳಿರಲಿಲ್ಲ.

ಆಟ ನಡೆಯುವುದು ಭೂಮಿಯಿಂದ ಬಹಳ ದೂರದಲ್ಲಿ ಹಾಳುಬಿದ್ದ ಬಾಹ್ಯಾಕಾಶ ನಿಲ್ದಾಣದಲ್ಲಿ. ಅದರೊಳಗೆ ಬದುಕುಳಿದಿರುವುದು ಒಬ್ಬ ಸೈನಿಕ ಮಾತ್ರ. ಆ ಸೈನಿಕ ನಾನು. ಕತ್ತಲ ಓಣಿಗಳಲ್ಲಿ ಬೂಟಿನ ಸದ್ದು, ಎಲ್ಲೋ ಗಾಳಿ ಸೋರುವ ಸದ್ದು, ಅಷ್ಟೇ. ಎರಡು ಸಲ ಪೂರ್ತಿ ಆಡಿ ಮುಗಿಸಿದ್ದೆ.

ಆಮೇಲೆ ಅದರ ಆಡ್-ಆನ್ ಬಂತು, ಕತೆಯ ಮುಂದಿನ ಭಾಗ. ಆಸೆಯಿಂದ ಹಾಕಿಕೊಂಡೆ. ಎರಡು ಹಂತ ದಾಟಿದ ಮೇಲೆ ಪರದೆಯ ಮೇಲೆ ಬಂತು: ಇಲ್ಲಿಂದ ಮುಂದೆ ನಾಲ್ವರು ಒಟ್ಟಿಗೆ ಆಡಬೇಕು. ಮೈ ಉರಿದುಹೋಯಿತು. ಒಂಟಿಯಾಗಿ ಬದುಕುವುದನ್ನೇ ಕತೆ ಮಾಡಿದವರು ಈಗ ಸಂತೆಗೆ ತಳ್ಳುತ್ತಿದ್ದಾರಲ್ಲ ಎಂದು. ಆದರೂ ಕತೆ ಏನಾಯಿತೆಂದು ನೋಡುವ ಚಪಲ. ಮೈಸೂರಿನ ಆಟಗಾರರದೊಂದು ಆನ್‌ಲೈನ್ ಗುಂಪಿಗೆ ಸೇರಿಕೊಂಡೆ. ಗಂಡೋ ಹೆಣ್ಣೋ ತಿಳಿಯದಂಥ ಹೆಸರಿಟ್ಟುಕೊಂಡು, ನನ್ನ ಮೈಕು ಆಫ್ ಮಾಡಿಕೊಂಡೆ.

ಹೆಡ್‌ಫೋನಿನಲ್ಲಿ ಕಿವಿಗೆ ಬಿದ್ದದ್ದು ಚರಂಡಿ. ಒಬ್ಬ ಮೈಕಿಗೆ ಬಾಯಿಟ್ಟು ಚಿಪ್ಸ್ ಜಗಿಯುತ್ತಿದ್ದ. ಇನ್ನೊಬ್ಬ ಮಾತಿಗೊಮ್ಮೆ ಕ್ಯಾಕರಿಸುತ್ತಿದ್ದ. ಒಂದು ಗುಂಡು ತಪ್ಪಿದರೆ ಸಾಕು, ಯಾರದೋ ಅಮ್ಮನನ್ನೂ ಅಕ್ಕನನ್ನೂ ಬೀದಿಗೆಳೆಯುತ್ತಿದ್ದರು. ಎದ್ದುಹೋಗಬಹುದಿತ್ತು. ಹೋಗಲಿಲ್ಲ.

ಒಂದು ಗುರುವಾರ ಮಧ್ಯಾಹ್ನ ನಮ್ಮ ನಾಲ್ವರ ತಂಡದಲ್ಲಿ ಒಂದು ಹುಡುಗಿಯ ದನಿ ಕೇಳಿತು. "ಬಲಗಡೆ ಬಾಗಿಲ ಹಿಂದೆ ಇಬ್ಬರಿದಾರೆ, ಹುಷಾರು" ಅಂದಳು, ಅಷ್ಟೇ. ಕೂಡಲೇ ತಂಡದ ಗಂಡಸರಿಬ್ಬರೂ ಶುರುಮಾಡಿದರು. ಮೊದಲು ಅಡುಗೆಮನೆಯ ಮಾತು, ಆಮೇಲೆ ಅವಳ ಮೈಯ ಮಾತು. ಏನಂದರೆಂದು ಬರೆಯಲು ಕೈ ಬರುವುದಿಲ್ಲ. ಅವರಲ್ಲೊಬ್ಬ ಉಸಿರು ಒಳಗೆಳೆದುಕೊಂಡು ಬಿಕ್ಕಿದ ಹಾಗೆ ನಗುತ್ತಿದ್ದ. ಆ ನಗು ನನಗೆ ಗೊತ್ತಿತ್ತು. ಅವನು ಅಶೋಕಪುರಂನಲ್ಲಿರುವ ನನ್ನ ಚಿಕ್ಕಮ್ಮನ ಮಗ. ಮೂವತ್ತರ ಹತ್ತಿರದವನು, ಮದುವೆ ಗೊತ್ತಾದವನು, ನನ್ನನ್ನು ಬಾಯ್ತುಂಬ ಅಕ್ಕ ಎನ್ನುವವನು.

ಮೈಕಿನ ಗುಂಡಿಯ ಮೇಲೆ ಬೆರಳಿಟ್ಟೆ. ಒತ್ತಲಿಲ್ಲ. ಆ ಹಂತದ ಕೊನೆಯ ಬಾಗಿಲು ಕಣ್ಣೆದುರಿಗಿತ್ತು, ಈಗ ಜಗಳವಾದರೆ ಮತ್ತೆ ಮೊದಲಿಂದ ಆಡಬೇಕಾಗುತ್ತಿತ್ತು. ಹುಡುಗಿ ಆಟ ಬಿಟ್ಟು ಹೊರಟುಹೋದಳು. ಉಳಿದ ಮೂವರು ಹಂತ ದಾಟಿದೆವು.

ಭಾನುವಾರ ಚಿಕ್ಕಮ್ಮನ ಮನೆಗೆ ಹೋದೆ. ತಾಯಿ ಮಗ ಹಾಲ್‌ನಲ್ಲಿ ಕೂತು ಅವರೆಕಾಳು ಹಿದುಕುತ್ತಿದ್ದರು. ನಾನೂ ಕೂತು ನೇರವಾಗಿ ಕೇಳಿದೆ. "ಗುರುವಾರ ಆ ಹುಡುಗಿಗೆ ಏನಂದೆ ಕಣೋ? ನಿಮ್ಮಮ್ಮನ ಮುಂದೆ ಒಂದ್ಸಲ ಹೇಳು."

ಅವನ ಮುಖ ಬಿಳಿಚಿಕೊಂಡಿತು. "ಯಾವ ಹುಡುಗಿ?"

"ಬಲಗಡೆ ಬಾಗಿಲು ಅಂದಳಲ್ಲ, ಅವಳು."

"ಏನೋ ಅದು? ಯಾರಿಗೆ ಏನಂದ್ಬುಟ್ಟೆ?" ಚಿಕ್ಕಮ್ಮನ ಕೈ ನಿಂತಿತು.

"ಅಮ್ಮ, ಅದು ಗೇಮು. ಅಲ್ಲಿ ಎಲ್ರೂ ಅಂಗೇ ಮಾತಾಡೋದು." ಆಮೇಲೆ ನನ್ನ ಕಡೆ ತಿರುಗಿದ. "ಅಕ್ಕ, ನೀನೂ ಆಡ್ತಿದ್ಯಾ? ಹಂಗಾದ್ರೆ ಆ ಮಾತಾಡದೇ ಇದ್ದೋರು ನೀನೇನಾ?"

"ಹೂಂ."

"ಮತ್ತೆ ನೀನ್ಯಾಕೆ ಸುಮ್ನಿದ್ದೆ?"

ಅವನ ಮೇಲಿನ ಅಸಹ್ಯ ಕಡಿಮೆಯಾಗಲಿಲ್ಲ, ಆದರೆ ಅದೇ ವಾಸನೆ ನನ್ನ ಮೈಯಿಂದಲೂ ಬರುತ್ತಿದೆ ಅನ್ನಿಸಿತು. ಚಿಕ್ಕಮ್ಮ ಇಬ್ಬರನ್ನೂ ನೋಡಿ, "ನೀವಿಬ್ರೂ ಕೈ ತೊಳ್ಕೊಂಡು ಎದ್ದೋಗಿ, ಕಾಳು ಮುಟ್ಬೇಡಿ" ಅಂದರು. ಊಟಕ್ಕೆ ಏಳಿ ಎಂದು ಯಾರೂ ಕರೆಯಲಿಲ್ಲ. ನಾನು ಬಸ್ಸು ಹಿಡಿದು ವಾಪಸ್ಸು ಬಂದೆ.

ಮನೆಗೆ ಬಂದವಳೇ ಗುಂಪಿನ ಪಟ್ಟಿಯಲ್ಲಿ ಆ ಹುಡುಗಿಯನ್ನು ಹುಡುಕಿ ಬರೆದೆ. ಅವತ್ತು ನಾನೂ ಇದ್ದೆ, ನಾನೂ ಹೆಂಗಸೇ, ಬಾಯಿ ಬಿಡಲಿಲ್ಲ, ತಪ್ಪಾಯಿತು ಎಂದು. ಎರಡು ದಿನ ಕಳೆದ ಮೇಲೆ ಉತ್ತರ ಬಂತು.

"ಓ, ನೀವಾ ಅದು? ಲೆವೆಲ್ ಮುಗೀತಾ?"

ಮುಗಿಯಿತು ಎಂದು ಬರೆದೆ. ಇಲ್ಲ ಎಂದು ಸುಳ್ಳು ಹೇಳಲು ನಾಚಿಕೆಯಾಯಿತು. ಅವಳು ಅದನ್ನು ಓದಿದಳು, ಮತ್ತೇನೂ ಬರೆಯಲಿಲ್ಲ.

ಚಿಕ್ಕಮ್ಮನ ಮಗ ಆಮೇಲೆ ಗುಂಪು ಬಿಟ್ಟನಂತೆ, ಬೇರೆ ಗುಂಪು ಸೇರಿದನೋ ಏನೋ ಕೇಳಲಿಲ್ಲ. ನಾನು ಆಡ್-ಆನ್ ತೆಗೆದುಹಾಕಿದೆ. ಕತೆ ಕೊನೆಗೆ ಏನಾಯಿತೆಂದು ಇವತ್ತಿಗೂ ಗೊತ್ತಿಲ್ಲ.