ಸೊಟ್ಟ ಗೋಡೆಗೆ ನೆಟ್ಟ ಕಣ್ಣು

ಬೆಳಕು ಇನ್ನೂ ಪೂರ್ತಿ ಹರಿದಿಲ್ಲ. ಹಳೇ ಪೇಟೆಯ ಫೋಟೊ ಮ್ಯೂಸಿಯಂನ ಉದ್ದನೆಯ ಕೋಣೆಯಲ್ಲಿ ಒಬ್ಬರು ಏಣಿ ಹತ್ತಿ, ಗೋಡೆಗೆ ಮೂಗು ಒತ್ತಿಕೊಂಡು, ಬಾಗಿಲಗಲದ ಚಿತ್ರವೊಂದನ್ನು ಹಿಡಿದು ನಿಂತಿದ್ದಾರೆ. ಇನ್ನೊಂದು ತುದಿಯಲ್ಲಿ ಸೊಂಟದ ಮೇಲೆ ಕೈಯಿಟ್ಟುಕೊಂಡು ಅವರ ಹೆಂಡತಿ.

"ಎಡಗಡೆ ಎತ್ತೋಕೆ ಹೇಳಿ ಅವರಿಗೆ," ಎಂದು ಆಕೆ, ಇವರ ಕೆಲಸದ ಬಗ್ಗೆ ಬರೆಯಲು ಬಂದಿರುವ ನನ್ನ ಕಡೆ ತಿರುಗಿ ಹೇಳುತ್ತಾರೆ.

"ಎಷ್ಟಂತೆ ಕೇಳಿ," ಗೋಡೆಯ ಕಡೆಯಿಂದ ಉತ್ತರ.

"ಒಂದು ಕೂದಲೆಳೆಯಷ್ಟು ಅನ್ನಿ."

"ಯಾರ ಕೂದಲು ಅಂತ ಕೇಳಿ. ನನ್ನದಾದ್ರೆ ಅಷ್ಟೊಂದು ಉಳಿದಿಲ್ಲ."

ಇಬ್ಬರ ಕಿವಿಯೂ ಚುರುಕಾಗಿಯೇ ಇದೆ. ನಿನ್ನೆಯಿಂದ ಮಾತು ಬಿಟ್ಟಿದ್ದಾರೆ, ಅಷ್ಟೇ. ಮನೆಯಲ್ಲಿ ಮಕ್ಕಳಿಬ್ಬರ ಜಗಳಕ್ಕೆ ಅಂಚೆಯಾಳಾಗಿ ಪಳಗಿರುವ ನನಗೆ ಇದೇನೂ ಹೊಸ ಕೆಲಸವಲ್ಲ.

ಆಕೆ ಇಲ್ಲಿ ಬ್ಯಾಗ್ ಕೌಂಟರಿನವರು. ನೋಡಲು ಬಂದವರ ಚೀಲ, ಛತ್ರಿ ಇಸಿದುಕೊಂಡು ಟೋಕನ್ ಕೊಡುತ್ತಾರೆ. ಹಾಗಾಗಿ ಎಲ್ಲರಿಗೂ ಟೋಕನ್ ಅಕ್ಕ. ಚಿತ್ರ ತೂಗುಹಾಕುವ ಗಂಡ, ಮೊಳೆ ಮಾಮ. ಟೋಕನ್ ಅಕ್ಕನ ಅಸಲಿ ಕೆಲಸ ಬಾಗಿಲು ತೆರೆಯುವ ಮುಂಚೆಯೇ ಮುಗಿದುಹೋಗುತ್ತದೆ. ಅದಕ್ಕೆ ಹುದ್ದೆಯಿಲ್ಲ, ಹೆಸರೂ ಇಲ್ಲ. ದೂರ ನಿಂತು 'ಸರಿ' ಅನ್ನುವುದು, ಅಷ್ಟೇ.

ಇದೊಂದು ಪುರಾತನ ಉಗ್ರಾಣ. ನೆಲ ಒಂದು ಕಡೆ ಇಳಿಜಾರು, ಮಾಡು ಇನ್ನೊಂದು ಕಡೆ. ಗೋಡೆಗಳು ಯಾವ ಕಡೆ ಎಂದು ಅವಕ್ಕೇ ಗೊತ್ತಿಲ್ಲ. ಮಟ್ಟ ನೋಡುವ ರಸಮಟ್ಟವನ್ನು ಚಿತ್ರದ ಮೇಲಿಟ್ಟರೆ ಗುಳ್ಳೆ ಶಿಸ್ತಾಗಿ ನಡುವೆ ಬಂದು ಕೂರುತ್ತದೆ, ನೋಡುವವರ ಕತ್ತು ಮಾತ್ರ ವಾಲುತ್ತದೆ. ಮ್ಯೂಸಿಯಂ ಶುರುವಾದ ವಾರದಲ್ಲೇ ಮೊಳೆ ಮಾಮ ರಸಮಟ್ಟವನ್ನು ಪೆಟ್ಟಿಗೆಗೆ ಹಾಕಿ ಹೆಂಡತಿಯನ್ನು ಕರೆದರು. "ಮನೇಲೂ ಅವಳು ಸರಿ ಅಂದಿದ್ದೇ ಸರಿ. ಇಲ್ಲೂ ಹಾಗೇ ನಡೀಲಿ ಅಂದ್ಕೊಂಡೆ," ಎನ್ನುತ್ತಾರೆ.

ಹಾಗೇ ನಡೆಯಿತು, ಕಳೆದ ತಿಂಗಳ ಮೊಟ್ಟೆಯವರೆಗೆ.

ಖಾಲಿ ಮೇಜಿನ ಮೇಲೆ ಒಂದೇ ಒಂದು ಮೊಟ್ಟೆ. ಅದೇ ಚಿತ್ರ. ಅಕ್ಕ 'ಸರಿ' ಎಂದರು, ಮಾಮ ಮೊಳೆ ಹೊಡೆದರು. ಬಾಗಿಲು ತೆರೆದ ಮೇಲೆ ನೋಡಿದರೆ ಮೇಜು ಎರಡು ಬೆರಳಷ್ಟು ವಾಲಿತ್ತು. ಒಬ್ಬ ಅಜ್ಜ ಮೊಟ್ಟೆ ಹಿಡಿಯಲು ಕೈಯೊಡ್ಡಿದರು. ಯುವಕನೊಬ್ಬ ತನ್ನ ಗೆಳತಿಗೆ ಅರ್ಧ ಗಂಟೆ ವಿವರಿಸಿದ: "ಈಗ ಬೀಳುತ್ತೆ, ಆಗ ಬೀಳುತ್ತೆ ಅನ್ನೋ ಆತಂಕಾನೇ ಈ ಕಲಾಕೃತಿ." ಮ್ಯಾನೇಜರ್ ಮೇಡಂಗೆ ಮಾತ್ರ ಆತಂಕ ಬೇರೆಯದೇ ಇತ್ತು. ಕರೆಸಿ ಕೇಳಿದರು. "ನನ್ನ ಕೈ ಜಾರ್ತು ಮೇಡಂ," ಎಂದರು ಮಾಮ.

ಕೈ ಜಾರಿರಲಿಲ್ಲ. ಅಕ್ಕನಿಗೆ ದೂರದ್ದು ಮಂಜಾಗಿ ಕಾಣುತ್ತಿದೆ. ಮೊಟ್ಟೆಯ ಪ್ರಸಂಗಕ್ಕೂ ಮುಂಚೆಯೇ ಮಗಳು ಎಳೆದುಕೊಂಡು ಹೋಗಿ ಕನ್ನಡಕ ಮಾಡಿಸಿದ್ದಾಳೆ. ಅಕ್ಕ ಅದನ್ನು ತಮ್ಮದೇ ಕೌಂಟರಿನ ಗೂಡಿನಲ್ಲಿಟ್ಟು, ಯಾರದೋ ಚೀಲವೆನ್ನುವ ಹಾಗೆ ಟೋಕನ್ ಹಾಕಿ ಬೀಗ ಜಡಿದಿದ್ದಾರೆ. "ಕಣ್ಣಿನಿಂದಲೇ ಇಷ್ಟು ದಿನ ಮರ್ಯಾದೆ ಇತ್ತು. ಗಾಜು ಹಾಕ್ಕೊಂಡು ನಿಂತ್ರೆ ಯಾರು ನಂಬ್ತಾರೆ?"

ಗಂಡ ತಪ್ಪನ್ನು ತಮ್ಮ ತಲೆಗೆ ಕಟ್ಟಿಕೊಂಡ ವಿಷಯ ನಿನ್ನೆ ಮೇಡಂ ಬಾಯಿಂದಲೇ ಅಕ್ಕನಿಗೆ ಗೊತ್ತಾಗಿದೆ. ಕೃತಜ್ಞತೆ ಬರಬೇಕಾದ ಜಾಗದಲ್ಲಿ ಕೆಂಡಾಮಂಡಲ ಕೋಪ ಬಂದಿದೆ. "ನನ್ನ ಕಣ್ಣಿನ ಮೇಲೆ ಅನುಮಾನ ಇದ್ರೆ ನನ್ನ ಹತ್ರ ಹೇಳ್ಬೇಕು. ಹೋಗಿ ಮೇಡಂ ಹತ್ರ ಸುಳ್ಳು ಹೇಳೋದಾ?"

"ಅವಳ ಹತ್ರ ಹೇಳೋಕಿಂತ ಮೇಡಂ ಹತ್ರ ಹೇಳೋದು ಸುಲಭ ಅಂತ ತಿಳಿಸಿ," ಎನ್ನುತ್ತದೆ ಏಣಿ.

ಇವತ್ತು ತೂಗಬೇಕಾದದ್ದು ಈಜುಕೊಳದ ಚಿತ್ರ. ಈ ತುದಿಯಿಂದ ಆ ತುದಿಗೆ ನೀರಿನ ಗೆರೆ. ಸ್ವಲ್ಪ ವಾಲಿದರೂ ನೀರು ಕೋಣೆಯೊಳಗೆ ಚೆಲ್ಲುವ ಹಾಗೆ ಕಾಣುತ್ತದೆ. ಇದೂ ಸೊಟ್ಟಗಾದರೆ ಮುಂದಿನ ಪ್ರದರ್ಶನಕ್ಕೆ ಹೊರಗಿನವರನ್ನು ಕರೆಸುವುದಾಗಿ ಮೇಡಂ ಹೇಳಿಬಿಟ್ಟಿದ್ದಾರೆ. ಮಾಮನ ಕೈಗೆ ಬೇರೆ ಕೆಲಸ ಗೊತ್ತಿಲ್ಲ. ಅಕ್ಕನಿಗೆ ಚೀಲ ಕಾಯುವುದಷ್ಟೇ ಉಳಿಯುತ್ತದೆ.

ಅಕ್ಕ ಕಣ್ಣು ಕಿರಿದು ಮಾಡುತ್ತಾರೆ. ಒಂದು ಹೆಜ್ಜೆ ಮುಂದೆ, ಎರಡು ಹೆಜ್ಜೆ ಹಿಂದೆ. 'ಸರಿ' ಎನ್ನಲು ಬಾಯಿ ತೆರೆದು ಮುಚ್ಚುತ್ತಾರೆ. ಏಣಿಯ ಮೇಲೆ ಮಾಮ ಇನ್ನೂ ಚಿತ್ರ ಹಿಡಿದೇ ನಿಂತಿದ್ದಾರೆ. ಆದರೂ ಅವರು ತಿರುಗಿ ನೋಡುವುದಿಲ್ಲ, ಅವಸರ ಮಾಡುವುದಿಲ್ಲ.

ಅಕ್ಕ ದಡದಡನೆ ಕೌಂಟರಿಗೆ ಹೋಗುತ್ತಾರೆ. ಬೀಗ ತೆಗೆದ ಸದ್ದು. ವಾಪಸು ಬಂದಾಗ ಮೂಗಿನ ಮೇಲೆ ಕನ್ನಡಕ. ನಿಂತು ಏಣಿಯ ಕಡೆ ದಿಟ್ಟಿಸಿ ನೋಡುತ್ತಾರೆ.

"ಏನಾಯ್ತೇ?" ಮಾಮ ನೇರವಾಗಿ ಕೇಳಿಯೇಬಿಡುತ್ತಾರೆ.

"ಅಯ್ಯೋ ನಿಮ್ಮ! ಶರ್ಟು ಉಲ್ಟಾ ಹಾಕ್ಕೊಂಡು ಬಂದಿದ್ದೀರಲ್ರೀ!"

"ಅದಿರ್ಲಿ ಮಾರಾಯ್ತಿ, ಕೈ ಬಿದ್ದುಹೋಗ್ತಿದೆ. ಚಿತ್ರ?"

"ಎಡಗಡೆ ಎತ್ತಿಸಿದ್ದು ನನ್ನ ತಪ್ಪು. ಇಳಿಸಿ. ಇನ್ನೂ ಸ್ವಲ್ಪ. ಹಾಂ, ನಿಲ್ಲಿ." ಕನ್ನಡಕವನ್ನು ಮೇಲೆ ಸರಿಸಿಕೊಂಡು ಇನ್ನೊಮ್ಮೆ ನೋಡುತ್ತಾರೆ. "ಸರಿ."

ಮೇಡಂ ಬರುತ್ತಾರೆ. ಫೋನಿನಲ್ಲಿ ಮಾತಾಡುತ್ತಲೇ ಚಿತ್ರದತ್ತ ಒಮ್ಮೆ ನೋಡಿ, ಹಾಗೇ ಮುಂದಿನ ಕೋಣೆಗೆ ಹೋಗುತ್ತಾರೆ. ಒಂದು ಮಾತಿಲ್ಲ. ಅಕ್ಕನ ಮುಖ ಅರಳುತ್ತದೆ. "ನೋಡಿದ್ರಾ? ಏನೂ ಅನ್ಲಿಲ್ಲ. ಅಷ್ಟೇ ನಮ್ಮ ಬಹುಮಾನ."

ಇನ್ನೇನಾದರೂ ಆಸೆ ಇದೆಯೇ ಎಂದು ಕೇಳುತ್ತೇನೆ. ಅಕ್ಕ ಗಡಿಯಾರ ನೋಡಿ, ಏಣಿಯತ್ತ ನೋಡುತ್ತಾರೆ.

"ಇದೆ. ಜನ ಬರೋ ಹೊತ್ತಾಯ್ತು. ಇವರು ಬೇಗ ಇಳಿದು ಆ ಶರ್ಟು ತಿರುಗಿಸಿ ಹಾಕ್ಕೊಂಡ್ರೆ ಸಾಕು."